ಹಾಜಿಮಲಂಗನ ಫೋನಿನಲ್ಲಿ ತೆರೆಯದ ಪುಟ

ಪಂಚಶೀಲ ಸ್ಟೋನ್ ಪಾಲಿಶ್
ಶಹಾಬಾದ
12 ನವೆಂಬರ್ 2008

ವಿಜಯಶ್ರೀಗೆ ಅಂಬಾರಾಯನ ಜೈ ಭೀಮ್.

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರವನ್ನು ನಾನು ಖುಷಿಯಿಂದ ಬರೆಯುತ್ತಿಲ್ಲ. ನಾಲ್ಕನೇ ತರಗತಿಗೆ ಕೈಬಿಟ್ಟ ಅಕ್ಷರವನ್ನು ಅರವತ್ತೆರಡನೇ ವಯಸ್ಸಿನಲ್ಲಿ ಮತ್ತೆ ಹಿಡಿಸಿದ್ದೀಯ. ಮೂರು ಹಾಳೆ ಹರಿದು ಇದು ನಾಲ್ಕನೆಯದು. ಫೋನಿನಲ್ಲಿ ಹೇಳೋಣ ಅಂದರೆ ನೀನು ಏನಂದೆ? “ಕಾಕಾ, ನೀವು ಫೋನಿನ್ಯಾಗ ಬರೇ ಬೈತೀರಿ. ಏನ್ ಬದಲಿ ಮಾಡಬೇಕಂತ ನನಗ ತಿಳಿಯಂಗೇ ಇಲ್ಲ. ಕಾಗದದ ಮ್ಯಾಲ ಬರದು ಕಳಸ್ರಿ” ಅಂದು ಇಟ್ಟುಬಿಟ್ಟೆ. ಗುಲಬರ್ಗಾ ಏನು ಲಂಡನ್ನಿನಲ್ಲಿದೆಯೇ? ಪ್ಯಾಸೆಂಜರ್ ಹತ್ತಿದರೆ ಒಂದು ತಾಸಿಗೆ ನಿನ್ನ ಅಂಗಡಿ ಮುಂದೆ ಇರುತ್ತೇನೆ. ಬಂದರೂ ಬರೆದೇ ಕೊಡಬೇಕು ಅನ್ನುತ್ತೀಯಂತೆ. ಸರಿ, ತಗೋ, ಓದು.

ಹಾಜಿಮಲಂಗ್ ಮಿಸ್ತ್ರಿಯನ್ನು ನೀನು ನೋಡಿಲ್ಲ. ನೆಲ ಹಾಸುವವನು. ಇಪ್ಪತ್ತು ವರ್ಷದಿಂದ ನಮ್ಮ ಫರಸಿ ಬಿಟ್ಟು ಬೇರೆಯವರ ಕಲ್ಲಿಗೆ ಕರಣಿ ಮುಟ್ಟಿಸದ ಮನುಷ್ಯ. ಕಳೆದ ತಿಂಗಳು ಸೊಲ್ಲಾಪುರದಲ್ಲಿ ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯದ ನೆಲ ಅವನ ಕೈಗೆ ಬಂತು. ಮಾಲಕಿ ಬಾಯಿ ಕೆಲಸದ ಜಾಗದಲ್ಲೇ ನಿಂತು, ನಿಮ್ಮ ಶಹಾಬಾದ ಕಲ್ಲು ಹೇಗಿದೆ ತೋರಿಸು ಅಂದಳು. ಇವನು ಜೇಬಿನಿಂದ ನಮ್ಮ ಕಾರ್ಡು ತೆಗೆದು, ಅದರ ಮೇಲೆ ಅಚ್ಚಾದ, ನೀನು ಮಾಡಿಕೊಟ್ಟ ಇಂಟರ್ನೆಟ್ ಪುಟದ ವಿಳಾಸ ನೋಡಿ, ತನ್ನ ಫೋನಿನಲ್ಲಿ ಒತ್ತಿದ. ಮುಂದಿನದು ಅವನ ಬಾಯಲ್ಲೇ ಕೇಳು.

“ಮಾಲಕ್, ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಬಿಳೀ ಹಾಳಿ ಬಂತು. ಬಾಯಿ ನಿಂತಾರ, ನಾ ನಿಂತೀನಿ, ಫೋನಿನ್ಯಾಗ ಗಿರ್‌ಗಿರ್ ಅಂತ ಒಂದು ಚಕ್ರ ತಿರುಗಾಕತ್ತಾದ. ಹತ್ತು ಮಿನಿಟಿಗಿ ಮ್ಯಾಲಿಂದ ಒಂದು ನೀಲಿ ಪಟ್ಟಿ ಇಳೀತು. ಅಷ್ಟರಾಗ ನನ್ನ ಬ್ಯಾಲೆನ್ಸ್ ಖಲಾಸ್.”

ಆ ಬಾಯಿ ನಕ್ಕಳಂತೆ. “ಫೋಟೋ ಬರಲಿಕ್ಕೇ ಇಷ್ಟೊತ್ತು, ನಿಮ್ಮ ಲಾರಿ ಬರಲಿಕ್ಕ ಎಷ್ಟು ವರ್ಷ ಬೇಕ್ರಿ?” ಅಂದಳಂತೆ. ಮರುದಿನ ಟೈಲ್ಸ್ ತರಿಸಿದಳು. ನಮ್ಮ ಹಾಜಿಮಲಂಗ್ ಈಗ ಅದೇ ಟೈಲ್ಸ್ ಕೂಡಿಸುತ್ತಿದ್ದಾನೆ.

ಇದು ಒಂದು ನೆಲದ ಮಾತಲ್ಲ. ಕಲ್ಲು ಪಾಲಿಶ್ ಮಾಡುವ ನಮ್ಮ ಶೆಡ್ಡಿನಲ್ಲಿ ಅರ್ಧ ಪಾಲು ನನ್ನ ತಮ್ಮ ದೇವಿಂದ್ರಪ್ಪನದು. ವಾಡಿಯಲ್ಲಿ ಇರುತ್ತಾನೆ, ಕಲ್ಲು ಮುಟ್ಟುವುದಿಲ್ಲ. ಗುಲಬರ್ಗಾದ ಒಬ್ಬ ಟೈಲ್ಸ್ ವ್ಯಾಪಾರಿ ನಮ್ಮ ಶೆಡ್ಡನ್ನು ಗೋದಾಮು ಮಾಡಲು ಕೇಳಿದ್ದಾನೆ. ತಮ್ಮ ಹೂಂ ಅಂದಾಗಿದೆ. ಮಾರ್ಚ್ ಮೂವತ್ತೊಂದರವರೆಗೆ ನನಗೆ ಗಡುವು. “ಅಷ್ಟರೊಳಗ ಮಾಲಿಗಿ ಗಿರಾಕಿ ಬಂದ್ರ ನಿನ್ನ ಮಶೀನು ನಡೀಲಿ, ಇಲ್ಲಂದ್ರ ಬೀಗ ಅವನ ಕೈಯಾಗ” ಅಂದಿದ್ದಾನೆ. ಇಲ್ಲಿ ಹದಿನಾಲ್ಕು ಮಂದಿ ದುಡಿಯುತ್ತಾರೆ. ಭೀಮಮ್ಮ ಒಬ್ಬಳೇ ಹತ್ತೊಂಬತ್ತು ವರ್ಷದಿಂದ ಪಾಲಿಶ್ ಮಶೀನಿನ ಮುಂದೆ ನಿಂತಿದ್ದಾಳೆ. ಕಲ್ಲು ತೆಗೆದು ಆ ಜಾಗದಲ್ಲಿ ಟೈಲ್ಸಿನ ಡಬ್ಬಿ ಒಟ್ಟುವುದನ್ನು ನಾನು ಕಣ್ಣಿಂದ ನೋಡಬೇಕೇನು?

ಈ ಪುಟ ಮಾಡಿಸಿದ್ದು ಗಿರಾಕಿ ಬರಲಿ ಅಂತ. ಬಂದ ಗಿರಾಕಿಯನ್ನು ಬಾಗಿಲಲ್ಲಿ ನಿಲ್ಲಿಸಿ ವಾಪಸ್ಸು ಕಳಿಸಲಿಕ್ಕೆ ಅಲ್ಲ. ಸರಿ ಮಾಡು.

ಅಂಬಾರಾಯ

*

ಶ್ರೀನಿಧಿ ಕಂಪ್ಯೂಟರ್ಸ್
ಗುಲಬರ್ಗಾ
21 ನವೆಂಬರ್ 2008

ಅಂಬಾರಾಯ ಕಾಕಾ ಅವರಿಗೆ ನಮಸ್ಕಾರ.

ಪತ್ರ ತಲುಪಿತು. ಸೊಲ್ಲಾಪುರದಲ್ಲಿ ಆದದ್ದು ಓದಿ ಬೇಸರವಾಯಿತು. ನನ್ನ ಕಂಪ್ಯೂಟರಿನಲ್ಲಿ ನಿಮ್ಮ ಪುಟ ಚೆನ್ನಾಗಿಯೇ ತೆರೆಯುತ್ತದೆ. ಫೋನಿನಲ್ಲಿ ತೆರೆಯದಿರುವುದಕ್ಕೆ ಕಾರಣ ಹೇಳುತ್ತೇನೆ, ಸಿಟ್ಟಾಗಬೇಡಿ.

ಜೂನ್ ತಿಂಗಳಲ್ಲಿ ನಾನು ನಾಲ್ಕು ಸಣ್ಣ ಚಿತ್ರ ಸಾಕು ಅಂದಿದ್ದೆ. ನೀವು ಕುರ್ಚಿಯಿಂದ ಎದ್ದು ನಿಂತು, “ಕಲ್ಲು ಏನ್ ಪೋಸ್ಟಿನ ತಿಕೀಟ ಅದಾ? ಎದುರಿಗಿ ಇಟ್ಟಂಗ ಕಾಣಬೇಕು” ಅಂದಿರಿ. ಹನ್ನೊಂದು ದೊಡ್ಡ ಫೋಟೋ ಹಾಕಿಸಿದಿರಿ. ಫೋನ್ ನಂಬರನ್ನು ಫೋಟೋದಿಂದ ಬೇರೆಯಾಗಿ ಟೈಪ್ ಮಾಡಿ ಹಾಕುತ್ತೇನೆ ಅಂದಾಗ, “ಲಾರಿ ಹಿಂದ ಬರಸಿದಂಗ ಬರಿ. ಕೆಂಪು ಅಕ್ಷರ, ಹಳದಿ ಅಂಚು, ಫೋಟೋದ ಮ್ಯಾಲೇ ಇರಬೇಕು” ಅಂದಿರಿ. ಅದರ ಕೆಳಗೆ ನಿಮ್ಮ ಸಹಿ ಇರುವ ಕಾಗದ ನನ್ನ ಬಳಿ ಇದೆ. ಬರೆದು ಕೊಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಆ ಹನ್ನೊಂದು ಫೋಟೋಗಳು ಫೋನಿಗೆ ಭಾರ. ಒಂದೊಂದೂ ಇಳಿಯಲು ಹೊತ್ತು ಬೇಕು, ಬ್ಯಾಲೆನ್ಸೂ ಬೇಕು. ಫೋನಿಗೆಂದೇ ಹಗುರವಾದ ಪುಟ ಬೇರೆ ಮಾಡಬೇಕು. ಮಾಡುತ್ತೇನೆ. ಆದರೆ ನನ್ನ ಬಳಿ ಇರುವುದು ಒಂದೇ ಫೋನು, ಅದೂ ಹೊಸದು. ನಿಮ್ಮ ಗಿರಾಕಿಗಳ ಕೈಯಲ್ಲಿ ಎಂಥ ಫೋನುಗಳಿವೆ, ಅವರು ಪುಟದಲ್ಲಿ ಮೊದಲು ಏನು ಹುಡುಕುತ್ತಾರೆ ಅನ್ನುವುದು ನನಗೆ ಗೊತ್ತಿಲ್ಲ. ಅದನ್ನು ಕೇಳಿ ತಿಳಿದು ಬರೆಯಿರಿ.

ನಿಮ್ಮ ಮಗಳಂಥವಳು,
ವಿಜಯಶ್ರೀ

*

ಶಹಾಬಾದ
14 ಡಿಸೆಂಬರ್ 2008

ವಿಜಯಶ್ರೀಗೆ ಜೈ ಭೀಮ್.

ನಾನು ಹೇಳಿರಬಹುದು. ಸಹಿಯೂ ಹಾಕಿರಬಹುದು. ಹೇಳಿದ್ದನ್ನೆಲ್ಲ ಮಾಡು ಅಂತ ಯಾರು ಹೇಳಿದರು? ಗಿರಾಕಿ ನನ್ನ ಬಳಿ ಬಂದು, ಅಡುಗೆಮನೆಗೆ ಅರ್ಧ ಇಂಚಿನ ಕಲ್ಲು ಕೊಡು ಅಂದರೆ ನಾನು ಕೊಡುತ್ತೇನೇನು? “ಒರಳು ಬಿದ್ರ ಒಡೀತದ, ಮುಚ್ಕೊಂಡು ಒಂದು ಇಂಚಿಂದು ಒಯ್ಯಿ” ಅನ್ನುತ್ತೇನೆ. ಕಸುಬು ಗೊತ್ತಿದ್ದವರು ಬೈಯಬೇಕು. ನೀನು ಬೈಯಲಿಲ್ಲ. ತಪ್ಪು ನಿನ್ನದೂ ಇದೆ.

ಕೇಳಿ ತಿಳಿದು ಬರೆಯಿರಿ ಅಂದೆಯಲ್ಲ. ಹತ್ತು ದಿನ ಮೊಣಕಾಲು ನೋವು ಕಟ್ಟಿಕೊಂಡು ತಿರುಗಿದ್ದೇನೆ. ವಾಡಿ ಸ್ಟೇಶನ್ನಿನ ಹೊರಗೆ ಕೂಲಿಗೆ ನಿಲ್ಲುವ ಗೌಂಡಿಗಳು, ಸೇಡಂ ಬಸ್‌ಸ್ಟ್ಯಾಂಡಿನ ಎದುರಿನ ಸಿಮೆಂಟ್ ಅಂಗಡಿ, ಅಲ್ಲೇ ಹತ್ತಿರದ ಮುಧೋಳದಲ್ಲಿ ಶಾಲೆ ಕಟ್ಟುತ್ತಿರುವವರು, ಸುಲೇಪೇಟ ಸಂತೆ, ಚಿಮ್ಮನಚೋಡದಲ್ಲಿ ಒಬ್ಬ ಗುತ್ತಿಗೆದಾರ. ಒಟ್ಟು ಮೂವತ್ತೊಂದು ಮಂದಿಯ ಫೋನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಎಲ್ಲ ಗುಂಡಿ ಒತ್ತುವ ಫೋನುಗಳು. ಅಕ್ಷರ ಕಾಣುವ ಹಲಗೆ ಬೆಂಕಿಪೊಟ್ಟಣದಷ್ಟು. ಅರ್ಧಕ್ಕೆ ಬಿರುಕು, ಮೇಲೆ ಸಿಮೆಂಟಿನ ಧೂಳು. ಮೂವತ್ತೊಂದರಲ್ಲಿ ಹನ್ನೆರಡರಲ್ಲಿ ಮಾತ್ರ ನಿನ್ನ ಇಂಟರ್ನೆಟ್ಟು. ಆದರೆ ಆ ಹನ್ನೆರಡು ಮಂದಿ ಯಾರು ಗೊತ್ತೇ? ಎಲ್ಲ ತಂಡದ ಮುಖ್ಯಸ್ಥರು. ಯಾವ ಕಲ್ಲು ತರಿಸಬೇಕು ಅನ್ನುವವರು ಅವರೇ.

ಸುಲೇಪೇಟದಲ್ಲಿ ಒಬ್ಬ ಮಿಸ್ತ್ರಿ ಸಿಕ್ಕ. ತೆಲುಗು ಬೆರೆಸಿ ಮಾತಾಡುತ್ತಾನೆ. ಅವನ ಫೋನಿನಲ್ಲಿ ನಮ್ಮ ಪುಟ ಹಾಕಿಸಿದೆ. ಅಚ್ಚರಿ, ಲಗೂನೇ ಬಂತು! ನೋಡಿದರೆ ಹನ್ನೊಂದು ಖಾಲಿ ಚೌಕ, ಒಂದರ ಕೆಳಗೊಂದು. ನಡುವೆ ಡಬ್ಬಿ ಡಬ್ಬಿ ಗುರುತು.

“ಚಿತ್ರ ಎಲ್ಲಿ ಹೋದ್ವೋ?” ಅಂದೆ.

“ಚಿತ್ರ ಬಂದ್ ಇಟ್ಟೀನಿ ಅಣ್ಣಾ. ಚಾಲೂ ಇಟ್ರ ಹತ್ತು ರೂಪಾಯಿ ರೀಚಾರ್ಜ್ ಒಂದೇ ಗುಟುಕಿಗಿ ಕುಡೀತದ. ಎಲ್ಲಾರೂ ಬಂದೇ ಇಡ್ತಾರ.”

“ಮತ್ತ ಕಲ್ಲು ಹ್ಯಾಂಗ ನೋಡ್ತಿ?”

“ಕಲ್ಲು ನಾ ಏನ್ ನೋಡ್ಲಿ? ಹುಟ್ಟಿದಾಗಿಂದ ನೋಡೀನಿ. ನಂಬರ್ ಇದ್ರ ಫೋನ್ ಮಾಡ್ತೀನಿ, ದಪ್ಪ ಕೇಳ್ತೀನಿ, ಅಳತಿ ಕೇಳ್ತೀನಿ, ಲಾರಿ ಯಾವಾಗ ಅಂತ ಕೇಳ್ತೀನಿ. ನಂಬರೇ ಇಲ್ಲಲ್ಲ ಇದರಾಗ?”

ನಂಬರು ಆ ಫೋಟೋದ ಮೇಲೆ ಇತ್ತು. ಕೆಂಪು ಅಕ್ಷರ, ಹಳದಿ ಅಂಚು. ಚಿತ್ರ ಬಂದ್ ಆದಾಗ ಅದೂ ಬಂದ್. ಸಂತೆ ನಡುವೆ ನಾನು ಆ ಖಾಲಿ ಚೌಕವನ್ನೇ ನೋಡುತ್ತಿದ್ದಾಗ ಅವನೇ ಕೈ ಹಿಡಿದು ಚಹಾ ಕುಡಿಸಿದ. ಆರು ತಿಂಗಳಿಂದ ಎಷ್ಟು ಮಂದಿ ನಮ್ಮ ಅಂಗಡಿಗೆ ಬಂದು ನಂಬರು ಕಾಣದೆ ಹೋದರೋ ಯಾರಿಗೆ ಗೊತ್ತು. ಅವರ ಲೆಕ್ಕ ನೀನೂ ಕೊಡಲಾರೆ, ನಾನೂ ಕೇಳಲಾರೆ.

ಡಬ್ಬಿ ಡಬ್ಬಿ ಬಂದಿದ್ದು ಕನ್ನಡವಂತೆ. ಗುಂಡಿ ಫೋನಿಗೆ ಕನ್ನಡ ಬರುವುದಿಲ್ಲ ಅಂತ ಸೇಡಂನ ರೀಚಾರ್ಜ್ ಅಂಗಡಿಯವ ಹೇಳಿದ. ಫೋನ್ ಮಾರುವಾಗ ಕನ್ನಡ ಮಾತಾಡುತ್ತಾರೆ, ಒಳಗೆ ಕನ್ನಡ ಇಡುವುದಿಲ್ಲ. ಇದಕ್ಕೆ ಯಾರಿಗೆ ಬೈಯಬೇಕು, ವಿಳಾಸ ಇದ್ದರೆ ಕಳಿಸು.

ಶೆಡ್ಡಿಗೆ ಬಂದು ಸಿಟ್ಟಿನಲ್ಲಿ ಇದನ್ನೆಲ್ಲ ಹೇಳಿದಾಗ ಭೀಮಮ್ಮ ಒಂದು ಮಾತು ಅಂದಳು. “ಆ ಫೋಟೋ ಬಂದ್ರೂ ಏನ್ ಉಪಯೋಗ್ರಿ ಮಾಲಕ್? ಒಣ ಕಲ್ಲಿಂದು ತೆಗಸೀರಿ. ಬಿಸಿಲಿಗಿ ಬೂದಿ ಕಂಡಂಗ ಕಾಣ್ತಾದ. ಗಿರಾಕಿ ಬಂದಾಗ ನಾವ್ ಏನ್ ಮಾಡ್ತೀವಿ?”

ಗಿರಾಕಿ ಬಂದಾಗ ಕಲ್ಲಿನ ಅರ್ಧಕ್ಕೆ ಒಂದು ಚೆಂಬು ನೀರು ಹಾಕುತ್ತೇವೆ. ಒದ್ದೆ ಅರ್ಧದಲ್ಲಿ ಒಳಗಿನ ನೀಲಿ ಬಣ್ಣ ಏಳುತ್ತದೆ, ಪಾಲಿಶ್ ಆದ ಮೇಲೆ ಹೇಗೆ ಕಾಣುತ್ತದೆ ಅಂತ ತಿಳಿಯುತ್ತದೆ. ಒಣ ಅರ್ಧ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಪೂರ್ತಿ ತೋಯಿಸಿ ತೋರಿಸುವವನು ಕಳ್ಳ. ನಮ್ಮಪ್ಪನ ಕಾಲದಿಂದ ಹಾಗೇ. ಇದನ್ನು ನಿನ್ನ ಫೋಟೋದವನಿಗೆ ಹೇಳುವುದು ನನಗೂ ಹೊಳೆಯಲಿಲ್ಲ.

ಹಾಗಾಗಿ ಬರೆದು ಕೊಡುತ್ತಿದ್ದೇನೆ, ಸಹಿಯನ್ನೂ ಹಾಕುತ್ತೇನೆ. ಹನ್ನೊಂದು ಬೇಡ. ಅರ್ಧ ತೋಯಿಸಿದ ಒಂದೇ ಕಲ್ಲು, ಒಂದೇ ಚಿತ್ರ, ಬೆಂಕಿಪೊಟ್ಟಣದ ಅಳತೆಯದು. ಅದೂ ಕೆಳಗೆ. ಎಲ್ಲಕ್ಕಿಂತ ಮೇಲೆ ನಂಬರು, ಚಿತ್ರ ಬಂದ್ ಇದ್ದರೂ ಕಾಣುವಂತೆ. ದಪ್ಪ, ಅಳತೆ, ಲಾರಿ ಯಾವ ದಿನ. ಮತ್ತೇನೂ ಬೇಡ. ನನ್ನ ಮುಖದ ಫೋಟೋವನ್ನೂ ತೆಗೆ.

ಅಂಬಾರಾಯ

*

ಗುಲಬರ್ಗಾ
18 ಜನವರಿ 2009

ಅಂಬಾರಾಯ ಕಾಕಾ ಅವರಿಗೆ ನಮಸ್ಕಾರ.

ನಿಮ್ಮ ಮೂವತ್ತೊಂದು ಫೋನುಗಳ ಪತ್ರವನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡು ಕೆಲಸ ಮಾಡಿದೆ. ನಾನು ಕಲಿತ ಕೋರ್ಸಿನಲ್ಲಿ ಇದು ಇರಲಿಲ್ಲ.

ಹೊಸ ಪುಟ ಸಿದ್ಧವಾಗಿದೆ. ಫೋನಿನಿಂದ ಬಂದವರಿಗೆ ಅದೇ ಕಾಣುತ್ತದೆ. ಮೇಲೆ ನಂಬರು. ಅದನ್ನು ನೋಡಿ ಮತ್ತೆ ಒಂದೊಂದೇ ಅಂಕಿ ಒತ್ತಬೇಕಾಗಿಲ್ಲ. ಆ ನಂಬರಿನ ಮೇಲೆ ನಿಂತು ನಡುವಿನ ಗುಂಡಿ ಅದುಮಿದರೆ ನೇರ ನಿಮ್ಮ ಫೋನ್ ರಿಂಗಾಗುತ್ತದೆ. ಓದಲು ಬಾರದವರೂ ಮಾಡಬಹುದು. ದಪ್ಪ, ಅಳತೆ, ಲಾರಿಯ ದಿನ ಅಂಕಿಗಳಲ್ಲಿವೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೇನೆ, ಸದ್ಯಕ್ಕೆ ಬೇರೆ ದಾರಿ ಇಲ್ಲ. ನೀವು ಬೈಯಬೇಕಾದವರ ವಿಳಾಸ ನನಗೂ ಸಿಕ್ಕಿಲ್ಲ. ಅರ್ಧ ತೋಯಿಸಿದ ಕಲ್ಲಿನ ಚಿತ್ರವನ್ನು ಒಂಬತ್ತು ಸಲ ಸಣ್ಣದು ಮಾಡಿದೆ. ಚಿತ್ರ ಬಂದ್ ಇದ್ದರೂ ಪುಟ ಪೂರ್ತಿ ಕೆಲಸ ಮಾಡುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಹಳೆಯ ಫೋನು ಬೇಡಿ ನೋಡಿದ್ದೇನೆ. ಒಬ್ಬರು ನನ್ನನ್ನು ಕಳ್ಳಿ ಅಂದುಕೊಂಡರು.

ಇನ್ನೊಂದು ಮಾತು. ನಿಮ್ಮ ಹೆಸರು ಕೇಳಿ ನಮ್ಮ ತಂದೆ, ಚಿತ್ತಾಪುರದ ನರಸಿಂಹ ಮಾಸ್ತರರು, ತಾವು ನಿಮ್ಮ ಜೊತೆ ಒಂದೇ ಶಾಲೆಯಲ್ಲಿ ಓದಿದ್ದಾಗಿ ಹೇಳಿದರು. ಲೆಕ್ಕದಲ್ಲಿ ನೀವೇ ಮುಂದಿದ್ದಿರಂತೆ. ಮತ್ತೆ ನಾಲ್ಕನೇ ತರಗತಿಗೆ ಕಾಕಾ ಶಾಲೆ ಯಾಕೆ ಬಿಟ್ಟರು ಅಂತ ಕೇಳಿದರೆ ಕನ್ನಡಕ ಒರೆಸುತ್ತ ಕೂತರು.

ವಿಜಯಶ್ರೀ

*

ಶಹಾಬಾದ
11 ಫೆಬ್ರವರಿ 2009

ವಿಜಯಶ್ರೀಗೆ.

ನಿನ್ನ ಹೊಸ ಪುಟ ಬಂದು ಮೂರು ವಾರವಾಯಿತು. ಹಾಜಿಮಲಂಗನ ಫೋನಿನಲ್ಲಿ ಬಂತು. ಸುಲೇಪೇಟದವನ ಫೋನಿನಲ್ಲಿ ಬಂತು. ಬೀಡಿಗೆ ಬೆಂಕಿ ಹಚ್ಚುವುದರೊಳಗೆ ಬಂತು ಅಂದರು. ಅದಕ್ಕೆ ನಾನು ಏನೂ ಅನ್ನುವುದಿಲ್ಲ.

ಆದರೆ ನಂಬರಿಗೆ ಏನು ಮಾಡಿದ್ದೀಯ? ಇಪ್ಪತ್ತಾರು ಫೋನು ಬಂದಿವೆ. ಬೀದರಿನಿಂದ, ತಾಂಡೂರಿನಿಂದ, ಲಾತೂರಿನಿಂದ. ಒಬ್ಬನೂ ಕಲ್ಲು ಒಯ್ಯಲಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ನನ್ನ ಕಡೆ ಕಳಿಸುತ್ತಿದ್ದೀಯೇನು? ನಿನ್ನೆ ಒಬ್ಬ ಮೊದಲ ಮಾತಿಗೇ ದರ ಕೇಳುತ್ತಾನೆ, “ಭಾವ ಏನ್ರಿ?” ಅಂತ. ನಮಸ್ಕಾರ ಇಲ್ಲ, ಊರಿಲ್ಲ, ಹೆಸರಿಲ್ಲ. “ಎಷ್ಟು ಜಾಗ, ಒಳಗಿಗೋ ಹೊರಗಿಗೋ ಹೇಳ್ದೆ ಭಾವ ಕೇಳ್ತಿ, ನೀ ಏನ್ ಬದನೀಕಾಯಿ ತಗೋಳಿಕ್ಕ ಬಂದೀ?” ಅಂದೆ. ಇಟ್ಟ. ಇನ್ನೊಬ್ಬ, “ಟೈಲ್ಸಿಗಿಂತ ಇದು ಛಲೋ ಅದಾ?” ಅಂದ. ಅವನಿಗೆ ನಾನು ಏನು ಹೇಳಿದೆ ಅಂತ ಇಲ್ಲಿ ಬರೆಯಲಾಗುವುದಿಲ್ಲ, ನೀನು ಹೆಣ್ಣುಮಗಳು. ಮೂರನೆಯವನಿಗೆ ಮಶೀನಿನ ಸದ್ದಿನಲ್ಲಿ ನನ್ನ ಮಾತು ಕೇಳಲಿಲ್ಲ. ಕೇಳದಿದ್ದರೆ ಫೋನ್ ಯಾಕೆ ಮಾಡಬೇಕು?

ಭೀಮಮ್ಮ ಮಶೀನು ನಿಲ್ಲಿಸಿ, ಎಲ್ಲರೆದುರಿಗೆ ಅಂದಳು. “ಪುಟ ಛಲೋ ಆಗ್ಯಾದ್ರಿ ಮಾಲಕ್. ಆ ಹುಡುಗಿ ಅಷ್ಟು ದೊಡ್ಡ ಫೋಟೋ ಸಣ್ಣ ಮಾಡ್ಯಾಳ. ನಿಮ್ಮ ಬಾಯಿ ಸಣ್ಣ ಮಾಡ್ಲಿಕ್ಕ ಬರ್ತಾದೇನು ಕೇಳ್ರಿ.” ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ಆ ದಿನ ಊಟ ಮಾಡಲಿಲ್ಲ.

ನಂಬರು ನೋಡು. ಏನೋ ಕೆಟ್ಟಿದೆ. ಗಡುವಿಗೆ ನಲವತ್ತೆಂಟು ದಿನ ಉಳಿದಿವೆ.

ಶಾಲೆ ಯಾಕೆ ಬಿಟ್ಟೆ ಅಂತ ಕೇಳಿದ್ದೀಯ. ನಿನ್ನ ಅಪ್ಪ ಹೇಳಬೇಕಿತ್ತು. ಹೇಳಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ, ಒಂದೇ ಸಲ. ನಿನ್ನ ಅಪ್ಪ ಒಳಗೆ ಕೂತು ಓದಿದ. ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಓದಿದೆ. ಒಳಗಿನ ಫರಸಿ ಹಾಸಿದವನು ನಮ್ಮಪ್ಪ. ಕಟ್ಟೆಯಿಂದ ಹಲಗೆಯ ಅರ್ಧ ಮಾತ್ರ ಕಾಣುತ್ತಿತ್ತು. ಲೆಕ್ಕದ ಉಳಿದರ್ಧವನ್ನು ನಾನು ಊಹೆ ಮಾಡಿ ಬಿಡಿಸುತ್ತಿದ್ದೆ, ಅದಕ್ಕೇ ಮುಂದಿದ್ದೆ. ಬಿಸಿಲು ತಡೆದೆ, ಚಳಿ ತಡೆದೆ. ಮಳೆಗಾಲದಲ್ಲಿ ಪಾಟಿಯ ಮೇಲೆ ಬರೆದದ್ದು ನಿಲ್ಲುತ್ತಿರಲಿಲ್ಲ. ಆಗಿನ ನಮ್ಮ ಶಾಲೆಯ ಮಾಸ್ತರರಿಗೆ ಕೇಳಿದರೆ, ಪುಸ್ತಕ ಇದೆ, ಹಲಗೆ ಇದೆ, ಪಾಠ ನಡೆದಿದೆ, ಇನ್ನೇನು ಬೇಕು ಅಂದರು. ಖರೇನೇ. ಒಳಗೆ ಕೂತವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ನವೆಂಬರಿನಲ್ಲಿ ನೀನು, ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ತೆರೆಯುತ್ತದೆ ಅಂತ ಬರೆದೆಯಲ್ಲ, ಆ ಪತ್ರ ಓದಿದ ದಿನ ನನಗೆ ಯಾಕೆ ಅಷ್ಟು ಸಿಟ್ಟು ಬಂತು ಅಂತ ನನಗೇ ತಿಳಿದಿರಲಿಲ್ಲ.

ಸಾಕು. ನಂಬರು ನೋಡು.

ಅಂಬಾರಾಯ

*

ಗುಲಬರ್ಗಾ
20 ಫೆಬ್ರವರಿ 2009

ಅಂಬಾರಾಯ ಕಾಕಾ ಅವರಿಗೆ.

ನಂಬರು ಸರಿಯಾಗಿದೆ. ಅನುಮಾನ ಬೇಡ ಅಂತ ನಾನೇ ಮೊನ್ನೆ ಪಕ್ಕದ ಅಂಗಡಿಯವರ ಫೋನಿನಿಂದ ಪುಟ ತೆರೆದು ಒತ್ತಿದೆ. ನೀವೇ ಎತ್ತಿದಿರಿ. ನಾನು ಹಲೋ ಅನ್ನುವ ಮೊದಲೇ ಬೈದಿರಿ. ನಾನು ಇಟ್ಟೆ. ಇಪ್ಪತ್ತೇಳನೆಯವಳು ನಾನೇ ಇರಬೇಕು.

ಇದಕ್ಕಿಂತ ಮುಂದೆ ನನ್ನ ಕೆಲಸ ಹೋಗುವುದಿಲ್ಲ ಕಾಕಾ. ಪುಟ ಗಿರಾಕಿಯನ್ನು ನಿಮ್ಮ ಕಿವಿಯವರೆಗೆ ತರುತ್ತದೆ. ಅಲ್ಲಿಂದಾಚೆ ನೀವೇ.

ನಿಮ್ಮ ಪತ್ರದ ಕೊನೆಯ ಭಾಗವನ್ನು ಅಪ್ಪನಿಗೆ ಓದಿ ಹೇಳಿದೆ. ಓದಬಾರದಿತ್ತೋ ಏನೋ. ಅಪ್ಪ ಎದ್ದು ಹೋಗಿ ತುಳಸಿಗೆ ನೀರು ಹಾಕಿದರು. ಬೆಳಿಗ್ಗೆ ಒಮ್ಮೆ ಹಾಕಿ ಆಗಿತ್ತು. ಮರುದಿನ ಚಹಾ ಕುಡಿಯುತ್ತ, “ಅಂವ ಇನ್ನೂ ಅಷ್ಟೇ ಸಿಟ್ಟಿನವ ಇದ್ದಾನೇನು?” ಅಂದರು. ಹೌದು ಅಂದೆ. “ಇರಲಿ” ಅಂದರು. ಆಮೇಲೆ ಶಹಾಬಾದಿಗೆ ಪ್ಯಾಸೆಂಜರ್ ಎಷ್ಟೊತ್ತಿಗೆ ಅಂತ ಕೇಳಿದರು.

ನವೆಂಬರಿನ ಆ ಸಾಲಿಗೆ ಕ್ಷಮೆ ಇರಲಿ.

ವಿಜಯಶ್ರೀ

*

ಶಹಾಬಾದ
24 ಮಾರ್ಚ್ 2009

ವಿಜಯಶ್ರೀಗೆ ಜೈ ಭೀಮ್.

ನಿನ್ನ ಅಪ್ಪ ಬಂದಿದ್ದ. ನಿನಗೆ ಹೇಳಿರಲಿಕ್ಕಿಲ್ಲ. ಎರಡು ಸಲ ಚಹಾ ಕುಡಿದ, ಸಂಜೆಯ ಗಾಡಿಗೆ ಹೋದ. ಏನು ಮಾತಾಡಿದೆವು ಅನ್ನುವುದಕ್ಕೂ ಪುಟಕ್ಕೂ ಸಂಬಂಧವಿಲ್ಲ. ಕೆಲಸದ ಮಾತಿಗೆ ಬರುತ್ತೇನೆ.

ಈ ತಿಂಗಳ ಮೂರನೇ ತಾರೀಖು ನಾನು ವಾಡಿಗೆ ಹೋಗಿದ್ದೆ. ಫೋನನ್ನು ಮೇಜಿನ ಮೇಲೆ ಮರೆತು ಹೋಗಿದ್ದೆ. ತಿರುಗಿ ಬಂದು ನೋಡಿದರೆ ಭೀಮಮ್ಮ ನನ್ನ ಕುರ್ಚಿಯಲ್ಲಿ ಕೂತು, ಒದ್ದೆ ಕೈ ಸೀರೆಗೆ ಒರೆಸಿಕೊಂಡು, ಫೋನ್ ಕಿವಿಗೆ ಹಿಡಿದಿದ್ದಾಳೆ. ಮಶೀನು ಬಂದ್ ಮಾಡಿಸಿದ್ದಾಳೆ. ನನ್ನ ಫೋನು, ನನ್ನ ಕುರ್ಚಿ, ಕೆಲಸದ ಹೊತ್ತು. ಬಾಯಿ ತೆಗೆಯಬೇಕು ಅನ್ನುವಷ್ಟರಲ್ಲಿ ಅವಳು ನನ್ನ ಕಡೆ ಕೈ ಎತ್ತಿದಳು, ಬಸ್ಸು ನಿಲ್ಲಿಸುವಂತೆ.

“ಹೂಂ ಯಪ್ಪಾ, ಹೇಳ್ರಿ. ಆಸ್ಪತ್ರಿ ಅಂದ್ರಿ? ಹಂಗಾದ್ರ ಭಾಳ ನುಣುಪು ಬ್ಯಾಡ್ರಿ, ಒದ್ದಿ ಕಾಲಿಗಿ ಜಾರ್ತಾದ. ಬಾಣಂತ್ಯಾರು ಅಡ್ಡಾಡೋ ಜಾಗಾ. ಅರ್ಧ ಪಾಲಿಶ್ ಒಯ್ಯಿರಿ... ಟೈಲ್ಸ್ ಹಾಕ್ರಿ, ನಾ ಬ್ಯಾಡ ಅನ್ನಲ್ಲ. ಒಡೆದಾಗ ಅದೇ ಬಣ್ಣದ್ದು ಮತ್ತ ಸಿಗ್ತಾದೇನು ಅಂಗಡಿಯಂವಗ ಕೇಳಿ ನೋಡ್ರಿ. ನಮ್ಮದು ಇನ್ನ ಇಪ್ಪತ್ತು ವರ್ಷಕ್ಕೂ ಇದೇ ಖಣಿ, ಇದೇ ಕಲ್ಲು... ಭಾವ? ನೀವು ಅಳತಿ ಹೇಳ್ರಿ, ನಾ ಭಾವ ಹೇಳ್ತೀನಿ.”

ಅವನು ಹೇಳಿದ. ಇವಳು ಹೇಳಿದಳು. ತಾಂಡೂರಿನ ಹತ್ತಿರದ ಊರಂತೆ, ತೆಲುಗಿನವನು. ಇವಳ ತವರು ಆ ಕಡೆ, ಕೊನೆಗೆ ತೆಲುಗಿನಲ್ಲೇ ಮುಗಿಸಿದಳು. ಆ ವಾರವೇ ಲಾರಿ ತುಂಬಿತು. ಆ ಮನುಷ್ಯ ಫೆಬ್ರವರಿಯಲ್ಲಿ ಒಮ್ಮೆ ಫೋನ್ ಮಾಡಿದ್ದನಂತೆ. ಯಾವನೋ ಮುದುಕ ಬೈದ ಅಂತ ಇಟ್ಟಿದ್ದನಂತೆ. ಪುಟದಲ್ಲಿ ಇದ್ದದ್ದು ಅದೊಂದೇ ನಂಬರು, ಒಂದು ಗುಂಡಿ ಒತ್ತಿದರೆ ಆಗುವ ಕೆಲಸ, ಅದಕ್ಕೇ ಇನ್ನೊಮ್ಮೆ ನೋಡಿದೆ ಅಂದ.

ಆ ದಿನದಿಂದ ಫೋನು ಅವಳ ಕೈಯಲ್ಲಿದೆ. ನಾನು ಕೊಡಲಿಲ್ಲ. ಅವಳು ವಾಪಸ್ಸು ಕೊಡಲಿಲ್ಲ. ಇಪ್ಪತ್ತು ದಿನಕ್ಕೆ ಆರು ಲಾರಿ ಹೋಗಿವೆ. ಹಾಜಿಮಲಂಗ್ ಸೊಲ್ಲಾಪುರದಿಂದ ಒಂದು ವಸತಿನಿಲಯದ ನೆಲಕ್ಕೆ ಹೇಳಿದ್ದಾನೆ. ಅಲ್ಲಿಯ ಸಾಹೇಬರೆದುರಿಗೇ ಪುಟ ತೆಗೆದು, ಅರ್ಧ ತೋಯಿಸಿದ ಕಲ್ಲು ತೋರಿಸಿ, ಅವರ ಕೈಯಿಂದಲೇ ಗುಂಡಿ ಒತ್ತಿಸಿದನಂತೆ. ಭೀಮಮ್ಮ ಎತ್ತಿದಳು.

ಅವಳ ಕರಾರು ಕೇಳು. “ಫೋನ್ ಎತ್ತೋದು ಕೆಲಸ ಹೌದಿಲ್ರಿ? ಹಂಗಾದ್ರ ನನಗ ಲೆಕ್ಕಾ ಬರಿಯೋ ಮುನ್ಶಿ ಪಗಾರ ಕೊಡ್ರಿ. ಮಶೀನಿಗಿ ಮಾಣಿಕಮ್ಮಗ ನಿಲ್ಲಸ್ರಿ. ಹತ್ತೊಂಬತ್ತು ವರ್ಷ ಆ ನೀರಿನ್ಯಾಗ ನಿಂತು ನನ್ನ ಬೆರಳಿನ ಚರ್ಮ ಉಳಿದಿಲ್ಲ.” ಬೆರಳು ಎತ್ತಿ ತೋರಿಸಿದಳು. ಹತ್ತೊಂಬತ್ತು ವರ್ಷ ಅವಳು ನನ್ನೆದುರಿಗೇ ನಿಂತಿದ್ದಳು. ನಾನು ಕಲ್ಲು ನೋಡಿದ್ದೇನೆ, ಆ ಬೆರಳು ನೋಡಿರಲಿಲ್ಲ. ಪಗಾರಕ್ಕೆ ಹೂಂ ಅಂದೆ. ಅಂದ ಮೇಲೆ ಒಂದು ತಾಸು ಒದರಾಡಿದೆ, ಅದು ಬೇರೆ.

ನಿನ್ನೆ ದೇವಿಂದ್ರಪ್ಪ ಬಂದ. ಕಲ್ಲು ಒಟ್ಟಿದ್ದ ಅಟ್ಟಿಗಳು ಖಾಲಿ ಆದದ್ದನ್ನು ನೋಡಿದ, ಹೊರಗೆ ನಿಂತ ಲಾರಿ ನೋಡಿದ. ಭೀಮಮ್ಮ ಎರಡು ಫೋನು ಎತ್ತಿದ್ದನ್ನು ಬಾಗಿಲಲ್ಲಿ ನಿಂತು ಕೇಳಿದ. ನನ್ನ ಜೊತೆ ಮಾತಾಡದೆ ಟೈಲ್ಸಿನವನಿಗೆ ಫೋನ್ ಮಾಡಿ, ಸದ್ಯಕ್ಕೆ ಶೆಡ್ಡು ಬಿಡುವುದಿಲ್ಲ ಅಂದ. ಆಮೇಲೆ ನನ್ನ ಕಡೆ ತಿರುಗಿದ.

“ಒಂದು ವರ್ಷ ನಡಸು. ಆದ್ರ ಒಂದು ಮಾತು. ಆ ಪುಟದಾಗ ನಿನ್ನ ನಂಬರ್ ಇರಬಾರದು. ಇವತ್ತು ಆಕಿ ಕೈಯಾಗ ಫೋನ್ ಅದಾ. ನಾಳಿ ನಿನಗ ಸಿಟ್ಟು ಬಂದು ಕಸಗೊಂಡ್ರ ಮತ್ತ ಮೊದಲಿನಂಗೇ. ಮೂವತ್ತೊಂದಕ್ಕ ನಾ ನನ್ನ ಫೋನಿನಿಂದ ಆ ಪುಟ ತೆಗೀತೀನಿ, ಒತ್ತತೀನಿ. ನೀ ಎತ್ತಿದ್ರ ಬೀಗ ಅವಂಗೇ.”

ನನ್ನ ಅಂಗಡಿ. ಅಪ್ಪ ಬಿಟ್ಟು ಹೋದ ಒಂದು ಸುತ್ತಿಗೆ, ಎರಡು ಉಳಿಯಿಂದ ಮಾಡಿದ್ದು. ಕಾರ್ಡಿನ ಮೇಲೆ ನನ್ನ ಹೆಸರು, ಲಾರಿಯ ಹಿಂದೆ ನನ್ನ ನಂಬರು. ಗಿರಾಕಿಗೆ ಸುಳ್ಳು ಹೇಳಿಲ್ಲ, ಪೂರ್ತಿ ತೋಯಿಸಿದ ಕಲ್ಲು ತೋರಿಸಿಲ್ಲ, ಒಡೆದ ಕಲ್ಲು ನಡುವೆ ತುರುಕಿಲ್ಲ. ನಾನು ಹೇಳಿದ್ದೆಲ್ಲ ಖರೇನೇ ಇತ್ತು. ಖರೇ ಹೇಳುವವನ ದನಿ ಕೇಳಿದರೆ ಗಿರಾಕಿ ಓಡುತ್ತಾನೆ ಅಂದರೆ ಇದು ಎಂಥ ಕಾಲ ಅಂತ ತಮ್ಮನಿಗೆ ಕೇಳಿದೆ. “ಕಾಲಕ್ಕ ಬೈಬ್ಯಾಡ” ಅಂದು ಹೋದ.

ಭೀಮಮ್ಮ ಒಳಗೆ ಫೋನಿನಲ್ಲಿದ್ದಾಳೆ. ನಾನು ಹೊರಗೆ ಕಲ್ಲಿನ ಅಟ್ಟಿಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನೀನು ಬಾಯಿಮಾತಿಗೆ ಬದಲಿ ಮಾಡುವವಳಲ್ಲ. ಬರವಣಿಗೆ ಬೇಕು, ಸಹಿ ಬೇಕು. ತಗೋ.

ಪುಟದಿಂದ ನನ್ನ ನಂಬರು ತೆಗೆ. ಭೀಮಮ್ಮನ ಹೆಸರಿನಲ್ಲಿ ಹೊಸ ಸಿಮ್ಮು ತೆಗೆಸಿದ್ದೇನೆ, ಅಂಕಿಗಳನ್ನು ಈ ಹಾಳೆಯ ಹಿಂಬದಿಯಲ್ಲಿ ಅವಳ ಕೈಯಲ್ಲೇ ಬರೆಸಿದ್ದೇನೆ. ಅದನ್ನು ಎಲ್ಲಕ್ಕಿಂತ ಮೇಲೆ ಹಾಕು, ಒತ್ತಿದರೆ ಅವಳಿಗೇ ಹೋಗಬೇಕು. ಪಕ್ಕದಲ್ಲಿ ಅವಳ ಹೆಸರು, ಪೂರ್ತಿ. ನನ್ನ ಹೆಸರು ಎಲ್ಲೂ ಬೇಡ, ಕೆಳಗೂ ಬೇಡ, ಸಣ್ಣ ಅಕ್ಷರದಲ್ಲೂ ಬೇಡ. ಹಾಕಿ, ಗುಂಡಿ ಫೋನಿನಲ್ಲಿ ಚಿತ್ರ ಬಂದ್ ಮಾಡಿ ನೀನೇ ಒತ್ತಿ ನೋಡಿ, ಯಾರು ಎತ್ತಿದರು ಅಂತ ನನಗೆ ಬರೆ. ಮೂವತ್ತನೇ ತಾರೀಖು ಸೋಮವಾರ, ಮಧ್ಯಾಹ್ನದ ಟಪಾಲಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಅಂಬಾರಾಯ